ಟ್ರ್ಯಾಲಿ ಬಣ್ಣದ ಕಾಂಟೆಸಾ

ಪಿಎಸ್‌ಐ ಉಮಾಶ್ರೀ ಎರಡು ಸಹಿ ಮುಗಿಸಿ ಮೂರನೆಯದಕ್ಕೆ ಪೆನ್ನು ಇಟ್ಟಿದ್ದಳು. ಅವಳ ಹಳೆಯ ಸ್ಕೂಟಿಯನ್ನು ಬೇರೆಯವರ ಹೆಸರಿಗೆ ಮಾಡುವ ಫಾರಂಗಳು ಅವು. ಗಂಡ ಸುಭಾಸ ಬೆಳಿಗ್ಗೆ ಊಟದ ಡಬ್ಬಿಯ ಜೊತೆಗೇ ಕೊಟ್ಟು ಕಳಿಸಿದ್ದ. "ಸುಮ್ಮನ ಮೂಲ್ಯಾಗ ನಿಂತೈತಿ" ಎಂದಿದ್ದ. ಸಹಿ ಬೀಳಬೇಕಾದ ಕಡೆಯೆಲ್ಲ ಪೆನ್ಸಿಲ್ಲಿನಿಂದ ಗುರುತು ಹಾಕಿದ್ದ. ಬಹಳ ಅಚ್ಚುಕಟ್ಟಿನ ಮನುಷ್ಯ. ಅದು ಅವಳು ಮೊದಲ ವರ್ಷದ ಪಗಾರದಲ್ಲಿ ಕೊಂಡ ಗಾಡಿ.

ಸೋಮವಾರ, ಬೆಳಿಗ್ಗೆ 9.40. ಬೈಲಹೊಂಗಲದ ಹತ್ತಿ ವ್ಯಾಪಾರಿ ಶಂಕರೆಪ್ಪ ಏದುಸಿರು ಬಿಡುತ್ತ ಠಾಣೆಯೊಳಗೆ ಬಂದರು. ಉಮಾಶ್ರೀ ಪೆನ್ನಿನ ಕ್ಯಾಪು ಮುಚ್ಚಿದಳು.

"ಮೇಡಮ್ಮಾರ, ನನ್ನ ಕಾರು ಹಾಳ ಮಾಡ್ಯಾರ್ರಿ!"

"ಏನ್ ಮಾಡ್ಯಾರ್ರಿ?"

"ಬಣ್ಣ ಹಚ್ಯಾರ. ಡೆಂಟ್ ತಗದಾರ. ಸೀಟಿಗೆ ಹೊಸಾ ಕವರ್ ಹಾಕ್ಯಾರ."

ಹೆಡ್ ಕಾನ್ಸ್‌ಟೇಬಲ್ ಹಣಮಂತಪ್ಪ ಬರೆಯುತ್ತಿದ್ದವನು ತಲೆ ಎತ್ತಿದ. "ಅದು ಖರೇರಿ. ಹಾಳ ಮಾಡಿದ್ದೇನು?"

"ಅದನ್ನ ಹೇಳಾಕತ್ತೇನಲ್ಲೋ ಮಾರಾಯಾ!"

ವಿಷಯ ಇಷ್ಟು. ಅವರದು 1986ರ ಕಾಂಟೆಸಾ ಕಾರು. ಉದ್ದ ಮೂತಿ, ದೊಡ್ಡ ಎಂಜಿನ್. ಕೆಟ್ಟು ಮೂರು ವರ್ಷವಾಗಿ ಹಿತ್ತಲಿನ ಶೆಡ್ಡಿನಲ್ಲಿ ನಿಂತಿತ್ತು. ಹೋದ ವಾರ ಕೊಲ್ಲಾಪುರದಿಂದ ಸಾಗರ ಎಂಬ ಗಿರಾಕಿ ಬಂದು ನೋಡಿ, ಬುಧವಾರ ಒಯ್ಯುತ್ತೇನೆ ಎಂದಿದ್ದ. ಶಂಕರೆಪ್ಪ ಕಿತ್ತೂರಿನ ಮದುವೆಗೆ ಎರಡು ದಿನ ಹೋಗಿ ಬರುವಷ್ಟರಲ್ಲಿ ಯಾರೋ ಕಾರನ್ನು ಚೆಂದ ಮಾಡಿ ಹೋಗಿದ್ದರು.

"ಅಂವಗ ಕಂಪನಿ ಬಣ್ಣನ ಬೇಕಂತ್ರಿ. ಹಳೇ ಸೀಟು, ಹಳೇ ಗಾಜು. ತುಕ್ಕಿದ್ರೂ ನಡೀತೈತಿ, ಹೊಸಾದು ಮಾತ್ರ ಏನೂ ಇರಬಾರದಂತ. ಇದ್ರ ರೇಟ್ ಅರ್ಧಕ್ಕರ್ಧ ಬೀಳತೈತಿ."

"ನನ್ನ ಬೈಕ್ ಒಮ್ಮೆ ತೋರಸ್ರಿ ಅವರಿಗೆ" ಎಂದ ಹಣಮಂತಪ್ಪ. "ಅದರಾಗ ಹೊಸಾದು ಅನ್ನೂದು ಒಂದ ನಟ್ ಸೈತ ಇಲ್ಲ."

ಶಂಕರೆಪ್ಪ ದೂರಿಗೆ ಸಹಿ ಹಾಕಿದರು. ಅವರ ಎಡಗೈ ಹೆಬ್ಬೆರಳಿಗೆ ನೀಲಿ ಶಾಯಿ ಹತ್ತಿದ್ದು ಉಮಾಶ್ರೀಯ ಕಣ್ಣಿಗೆ ಬಿತ್ತು. ಸಹಿ ಬರುವವರಿಗೆ ಹೆಬ್ಬೆಟ್ಟೇಕೆ?

"ಆರ್‌ಸಿ ಬುಕ್ ತಂದೀರೇನ್ರಿ?"

"ಏಜೆಂಟನ ಕಡೆ ಐತ್ರಿ. ಸಂಜಿಕ್ಕ ತರಸ್ತೇನಿ."

10.20ಕ್ಕೆ ಎಫ್‌ಐಆರ್ ಆಯಿತು. ಆಸ್ತಿಗೆ ಹಾನಿ ಮಾಡಿದ ಕಲಮು. ಹಾನಿಯ ವಿವರದ ಕಾಲಮ್ಮಿಗೆ ಬಂದು ಹಣಮಂತಪ್ಪ ನಿಂತ. "ಏನ್ ಬರೀಲ್ರಿ?"

"ವಾಹನ ಮೊದಲಿಗಿಂತ ಚೆಂದ ಕಾಣತೈತಿ ಅಂತ ಬರಿ."

11.30ಕ್ಕೆ ಸ್ಥಳ ಪಂಚನಾಮೆ. ಮೊದಲು ಕೆನೆ ಬಣ್ಣವಿದ್ದ ಕಾರು ಈಗ ಟ್ರ್ಯಾಕ್ಟರ್ ಟ್ರ್ಯಾಲಿಯ ಹಾಗೆ ಕೆಂಪಗೆ ಹೊಳೆಯುತ್ತಿತ್ತು. ಎರಡೂ ಬಾಗಿಲಿಗೆ ಕಮಲ. ಮುಂದಿನ ಗಾಜಿನ ಮೇಲೆ 'ಶ್ರೀ ಯಲ್ಲಮ್ಮದೇವಿ ಪ್ರಸನ್ನ'. ಹಿಂದೆ ಜೋಡಿ ಗಿಳಿ. ನಾಲ್ಕೂ ಗಾಲಿಗಳಲ್ಲಿ ಗಾಳಿ ಇರಲಿಲ್ಲ. ಶೆಡ್ಡಿನ ಬೀಗ ಮುರಿದಿರಲಿಲ್ಲ; ಅದರ ಕೀಲಿ, ಕಾರಿನ ಕೀಲಿ ಎರಡೂ ಅಡುಗೆಮನೆಯ ಮೊಳೆಗೆ ತೂಗುತ್ತಿದ್ದವು.

ಶಂಕರೆಪ್ಪನವರ ಹೆಂಡತಿ ರಾಚವ್ವ ಚಹಾ ತಂದಳು. ಅರವತ್ತು ದಾಟಿದ ಹೆಂಗಸು.

"ಯಾರರ ಬಂದಿದ್ರೇನ್ರಿ, ಅವ್ವಾರ?"

"ಒಳಗ ಇರಾಕಿಗೆ ಹಿತ್ತಲದಾಗಿಂದು ಏನ್ ಗೊತ್ತಾಗಬೇಕವಾ."

ಹಿಂದೆ ನಿಂತಿದ್ದ ಸೊಸೆಯರಿಬ್ಬರೂ ಬಾಯಿಗೆ ಸೆರಗು ಹಿಡಿದು ಒಳಗೆ ಹೋದರು.

ಉಮಾಶ್ರೀ ಸ್ಟೀರಿಂಗ್ ಮುಂದೆ ಕುಳಿತಳು. ಸೀಟಿನ ಕೆಳಗೆ ಕೈ ಹಾಕಿದಾಗ ಒಂದು ಓದುವ ಚಾಳೀಸು, ಎರಡು ಶೇಂಗಾ ಉಂಡಿ, ಒಂದು ನೋಟ್‌ಬುಕ್ ಸಿಕ್ಕವು. ಗುಂಡನೆಯ ಅಕ್ಷರಗಳು. 'ಮಂಗಳವಾರ, ಸಾಲಹಳ್ಳಿ. ದಾರಿ ಚಲೋ ಇತ್ತು. ಬುಧವಾರ, ಸವದತ್ತಿ ಗುಡ್ಡ. ಗುರುವಾರ, ಎಲ್ಲೂ ಇಲ್ಲ.'

"ಕಳ್ಳ ದಿನಾ ಗಾಡಿ ಒಯ್ದು ಮತ್ತ ತಂದು ನಿಂದರ್ಸ್ಯಾನ್ರಿ!" ಎಂದ ಹಣಮಂತಪ್ಪ.

"ಗಾಳಿ ಇಲ್ಲದ ಗಾಲಿ ಮ್ಯಾಲೇನು?"

ಡಿಕ್ಕಿ ತೆರೆದು ಮುಚ್ಚಳದ ಒಳಮೈ ನೋಡಿದಳು. ಸಣ್ಣ ಅಕ್ಷರದಲ್ಲಿ 'ಪೇಂಟರ್ ಗೌಸಸಾಬ, ಯರಗಟ್ಟಿ' ಎಂದಿತ್ತು. ಕೆಳಗೆ ಮೊಬೈಲ್ ನಂಬರು.

ಮಧ್ಯಾಹ್ನ 1.45, ಯರಗಟ್ಟಿ. ಗೌಸಸಾಬ ಒಂದು ಟ್ರ್ಯಾಲಿಗೆ ನವಿಲು ಬರೆಯುತ್ತಿದ್ದ. ಪೊಲೀಸರನ್ನು ಕಂಡು ಬ್ರಷ್ ಇಳಿಸಿದ.

"ಹೆಸರು ಹಾಕಬ್ಯಾಡ ಅಂತ ಅವ್ವಾರು ಹೇಳಿದ್ರು ಮೇಡಂ. ಕೆಲಸ ಅಷ್ಟು ಛಂದ ಆದ ಮ್ಯಾಲೆ ಕೈ ಕೇಳಲಿಲ್ಲ."

"ಯಾವ ಅವ್ವಾರು?"

"ರಾಚವ್ವಾರು. ಎಷ್ಟು ಛಂದ ಆಗತೈತಿ ಅಷ್ಟು ಮಾಡು ಅಂದ್ರು. ಗಿಳಿ ಮಾತ್ರ ನನ್ನ ಖುಷಿಗೆ ಬರದದ್ರಿ. ಅದಕ್ಕ ರೊಕ್ಕ ತಗೊಂಡಿಲ್ಲ."

ಜೀಪಿನಿಂದಲೇ ಉಮಾಶ್ರೀ ಕೊಲ್ಲಾಪುರದ ಸಾಗರನಿಗೆ ಫೋನು ಮಾಡಿದಳು. ಬಣ್ಣ, ಕಮಲದವರೆಗೂ ಆತ ತಡೆದುಕೊಂಡ. ಗಿಳಿ ಎಂದಾಗ ಎಷ್ಟು ಎಂದು ಕೇಳಿದ.

"ಇರಲಿ ಮೇಡಂ. ಕೆರೆದು ತೆಗಸ್ತೀನಿ. ಎಂಜಿನ್ ನಂಬರ್, ಚಾಸಿ ನಂಬರ್ ಕಾಗದಕ್ಕ ಹೊಂದತಾವ, ಮೊದಲನೇ ಮಾಲೀಕರ ಹೆಸರಲ್ಲೇ ಅದ. ಖರೇ ಕಿಮ್ಮತ್ತು ಅದಕ್ಕ. ಬುಧವಾರ ಬರ್ತೀನಿ."

ಇಷ್ಟೆಲ್ಲ ಮಾಡಿಯೂ ಮುದುಕಿಯ ಕೈಯಿಂದ ಕಾರು ಹೋಗುವುದೇ ಆಯಿತು ಎಂದುಕೊಂಡಳು ಉಮಾಶ್ರೀ.

ಸಂಜೆ 4.30. ರಾಚವ್ವ ಪಡಸಾಲೆಯಲ್ಲಿ ಕುಳಿತಿದ್ದಳು. ಪಕ್ಕದಲ್ಲಿ ಕೈಚೀಲ. ಎರಡು ಸೀರೆ, ಗುಳಿಗೆ ಡಬ್ಬಿ.

"ಗೌಸಸಾಬ ಫೋನ್ ಮಾಡಿದ್ದ. ಬರೇ ಅವನ್ನ ಹಿಡೀಬ್ಯಾಡವಾ. ನಡಿ, ನಾ ಬರತೇನಿ."

ಶಂಕರೆಪ್ಪ ಕುರ್ಚಿಯಿಂದ ಎದ್ದೇಬಿಟ್ಟರು. "ನೀನ? ಯಾಕ? ತಲಿ ಕೆಟ್ಟೈತೇನ?"

ರಾಚವ್ವ ಗಂಡನ ಕಡೆ ನೋಡಲಿಲ್ಲ. "ಚಹಾ ಕೊಡಾಕ ಹೋದಾಗ ಕೇಳಿದೆ. ಹೊಸಾದು ಏನರ ಇದ್ರ ಒಲ್ಲೆ ಅಂದ ಆ ಹುಡುಗ. ಒಡಿಯಾಕ ಮನಸ ಬರಲಿಲ್ಲ. ಅದಕ್ಕ ಚೆಂದ ಮಾಡಿಸಿದೆ."

"ಆ ಕಾರಿನ್ಯಾಗ ಏನೈತ್ರಿ?"

"ಬಾಗಲಾ ಐತಿ. ನಾ ಹಾಕ್ಕೊಂಡ್ರ ಯಾರೂ ತಗಿಯೂದಿಲ್ಲ." ಕೈಚೀಲವನ್ನು ತೊಡೆಯ ಮೇಲೆ ಎಳೆದುಕೊಂಡಳು. "ಓಡುವಾಗ ಹಿಂದ ಕುಂತೇನಿ, ತೊಡಿಮ್ಯಾಲೆ ಬುತ್ತಿ ಗಂಟು ಇಟಗೊಂಡು. ನಿಂತ ಮ್ಯಾಲೆ ಮುಂದ ಕುಂತೆ. ಮಧ್ಯಾಹ್ನ ಎರಡರಿಂದ ಮೂರು. ಹಂಗ ಕುಂತಲ್ಲೆ ಸಾಲಹಳ್ಳಿಗೆ, ನನ್ನ ತವರಿಗೆ ಹೋಗಿ ಬರತೇನಿ."

ಹಣಮಂತಪ್ಪ ಗಾಲಿಯ ಮಾತು ಎತ್ತಲಿಲ್ಲ.

"ಆರ್‌ಸಿ ಬಂತೇನ್ರಿ?" ಉಮಾಶ್ರೀ ಕೇಳಿದಳು.

ಶಂಕರೆಪ್ಪ ಅರೆಮನಸ್ಸಿನಿಂದ ಫೈಲು ಕೊಟ್ಟರು. ಮಾಲೀಕರ ಹೆಸರಿನ ಮುಂದೆ 'ರಾಚವ್ವ ಕೋಂ ಶಂಕರೆಪ್ಪ' ಎಂದಿತ್ತು. ಉಮಾಶ್ರೀ ಅದನ್ನು ಗಟ್ಟಿಯಾಗಿ ಓದಿದಳು.

"ಅದು ಆವಾಗ ಇನ್‌ಕಮ್ ಟ್ಯಾಕ್ಸ್ ಉಳಸೂ ಸಲುವಾಗಿ..." ಎಂದರು ಶಂಕರೆಪ್ಪ.

ಆರ್‌ಸಿಯ ಹಿಂದೆ ವರ್ಗಾವಣೆಯ ಮೂರು ಫಾರಂ. ಬೆಳಿಗ್ಗೆ ತನ್ನ ಮೇಜಿನ ಮೇಲಿದ್ದಂಥವೇ. ಮೂರಕ್ಕೂ ನೀಲಿ ಹೆಬ್ಬೆಟ್ಟು.

"ಇದು ಯಾರದು?"

"ಆಕೀದರಿ. ಆಕಿಗೆಲ್ಲಿ ಸಹಿ ಬರತೈತಿ?"

ಉಮಾಶ್ರೀ ಕಾರಿನಲ್ಲಿ ಸಿಕ್ಕ ನೋಟ್‌ಬುಕ್ ತೆರೆದು ರಾಚವ್ವನ ಮುಂದಿಟ್ಟು ಚಾಳೀಸು, ಪೆನ್ನು ಕೊಟ್ಟಳು. ರಾಚವ್ವ ಚಾಳೀಸು ಏರಿಸಿ, ಗುಂಡನೆಯ ಅಕ್ಷರದಲ್ಲಿ ತನ್ನ ಹೆಸರು ಬರೆದು, ಕೆಳಗೊಂದು ಗೆರೆ ಎಳೆದಳು.

"ಏಳನೇತ್ತಾ ಪಾಸ್ ಅದೇನಿ. ನಲವತ್ತ ವರ್ಷದಾಗ ನೀವು ಕೇಳ ಇಲ್ಲಲ್ರಿ" ಎಂದಳು ಗಂಡನಿಗೆ.

ಶಂಕರೆಪ್ಪನವರ ಎಡಗೈ ಮೆಲ್ಲಗೆ ಅಂಗಿಯ ಜೇಬಿನೊಳಗೆ ಹೋಯಿತು.

"ಮೇಡಂ," ಹಣಮಂತಪ್ಪ ಪಿಸುಗುಟ್ಟಿದ, "ಈಗ ಅರೆಸ್ಟ್ ಮಾಡೂದು ಯಾರನ್ನ?"

"ಅವ್ವಾರು ಹೇಳಿದವರನ್ನ." ಉಮಾಶ್ರೀ ರಾಚವ್ವನ ಕಡೆ ತಿರುಗಿದಳು. "ಇದು ಸುಳ್ಳ ಹೆಬ್ಬೆಟ್ಟು. ನೀವು ದೂರು ಕೊಡ್ತೀರೇನ್ರಿ?"

ರಾಚವ್ವ ಚಾಳೀಸು ತೆಗೆದು ಗಂಡನನ್ನು ನೋಡಿದಳು.

"ಬ್ಯಾಡ ಬಿಡವಾ. ಇವರನ್ನ ಒಯ್ದ್ರ ಸಂಜಿ ರೊಟ್ಟಿ ಠಾಣೆಕ್ಕ ತರಾಕಿನೂ ನಾನ. ಆ ಕಾರಿನ ಕೀಲಿ ನನ್ನ ಕೈಯಾಗ ಕೊಡಸು."

ಶಂಕರೆಪ್ಪನವರೇ ಒಳಗೆ ಹೋಗಿ ಮೊಳೆಯಿಂದ ಕೀಲಿ ತಂದುಕೊಟ್ಟರು. ಹೆಬ್ಬೆಟ್ಟಿನ ಫಾರಂಗಳನ್ನು ಉಮಾಶ್ರೀ ಕಡತಕ್ಕೆ ಸೇರಿಸಿಕೊಂಡಳು.

6.15ಕ್ಕೆ ಠಾಣೆಯಲ್ಲಿ ಪ್ರಕರಣ ಮುಗಿಸುವ ಬಿ ರಿಪೋರ್ಟ್ ಬರೆಸಿದಳು. 'ಮಾಲೀಕರೇ ತಮ್ಮ ವಾಹನವನ್ನು ಚೆಂದ ಮಾಡಿಸಿಕೊಂಡಿರುವುದರಿಂದ ಅಪರಾಧ ನಡೆದಿರುವುದಿಲ್ಲ.' ಗಿಳಿಗಳ ಸಂಖ್ಯೆಯನ್ನೂ ಹಣಮಂತಪ್ಪ ನಮೂದಿಸಿದ.

ಸುಭಾಸನ ಫೋನು ಬಂತು. "ಸಹಿ ಆತೇನ?"

"ಎರಡ ಆಗ್ಯಾವ."

"ಮೂರನೇದು?"

"ಕೆಲಸ ಭಾಳ ಐತ್ರಿ" ಎಂದು ಇಟ್ಟಳು.

"ಹಣಮಂತಪ್ಪಾ, ರಬ್ಬರ್ ಐತೇನು?"

"ಯಾಕ್ರಿ ಮೇಡಂ?"

"ಹಿಂಗ."

ಮೂರನೆಯ ಫಾರಂ ಮೇಲಿನ ಪೆನ್ಸಿಲ್ ಗುರುತನ್ನು ನಿಧಾನಕ್ಕೆ ಅಳಿಸಿ, ಪುಡಿ ಊದಿದಳು. ಮೂರನ್ನೂ ಮಡಚಿ ಡ್ರಾಯರಿಗೆ ಹಾಕಿ ಬೀಗ ಹಾಕಿದಳು. ಆ ಕೀಲಿಯನ್ನು ತನ್ನ ಗೊಂಚಲಿಗೆ, ಸ್ಕೂಟಿಯ ಕೀಲಿಯ ಪಕ್ಕಕ್ಕೆ ಪೋಣಿಸಿದಳು.