ಪುಷ್ಪಲತಾಳ ಕಂಪ್ಯೂಟರ್ ಮೂಕವಾದ ದಿನ

"ಯಾರ್ರಿ ಅಲ್ಲಿ? ಸುಮ್ನ ಯಾಕ ನಿಂತೀರಿ?"

ಪುಷ್ಪಲತಾ ಬಾಗಿಲ ಕಡೆ ತಿರುಗಿದಳು. ಹುಟ್ಟಿನಿಂದ ಕಣ್ಣು ಕಾಣದ ಅವಳಿಗೆ ಬಾಗಿಲಲ್ಲಿ ನಿಂತವರ ಉಸಿರಷ್ಟೇ ಕೇಳಿಸುತ್ತಿತ್ತು.

"ನಾನ್ರಿ... ಗುರುಶಾಂತ. ಕಂಪ್ಯೂಟರ್ ರಿಪೇರಿಯವ."

"ಇದರ ಬಾಯಿ ಬಿದ್ದೈತ್ರಿ! ಏನ್ ಒತ್ತಿದ್ರೂ ಉಸುರಿಲ್ಲ!"

ಅದು ೨೦೦೨ನೆಯ ಇಸವಿ. ಕೂಡ್ಲಿಗಿಯ ಆ ಟೈಪಿಂಗ್ ಕೇಂದ್ರದಲ್ಲಿ, ಪರದೆಯ ಮೇಲಿನ ಅಕ್ಷರಗಳನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶವೇ ಅವಳ ಕಣ್ಣಾಗಿತ್ತು. ಇನ್ನರ್ಧ ಗಂಟೆಯಲ್ಲಿ ಒಡತಿ ಕಲ್ಯಾಣಮ್ಮ ಅವಳ ಕೆಲಸವನ್ನು ಪರೀಕ್ಷಿಸುವವಳಿದ್ದಳು. ತಪ್ಪಿದರೆ ಕೆಲಸ ಹೋಗುತ್ತದೆ. ಮತ್ತೆ ಅಣ್ಣನ ಮನೆಯ ಮೂಲೆ... ಕಂಪ್ಯೂಟರಿನ ಮೌನ ಅವಳನ್ನು ಎರಡನೆಯ ಬಾರಿ ಕುರುಡಿಯಾಗಿಸಿತ್ತು!

"ನಿನ್ನಿ ಸಂಜಿಕ ಇದನ್ನ ಮುಟ್ಟಿದವರು ನೀವೊಬ್ರ. ನಾ ಕೆಲಸಕ್ಕ ಬಾರದಾಕಿ ಅಂತ ತೋರ್ಸಾಕ ಹಿಂಗ ಮಾಡಿದ್ರೇನು?"

"ಶಿವನಾಣಿ ಇಲ್ರಿ!"

 ಗುರುಶಾಂತ ಮೌಸ್ ಹಿಡಿದು ಪರದೆಯನ್ನು ನೋಡಿದ.

"ಈ ಹಳೇ ಸೌಂಡ್ ಕಾರ್ಡು ಒಂದ್ ಸಲಕ್ಕ ಒಬ್ರಿಗಷ್ಟ ದನಿ ಕೊಡತೈತ್ರಿ. ಹಾಡು ಹಾಕೋ ಪ್ಲೇಯರ್ ಮೊದಲ ಹಿಡ್ಕಂಡು ಕುಂತೈತಿ. ನಿಮ್ಮ ಓದೋ ತಂತ್ರಾಂಶಕ್ಕ ಜಾಗಾ ಸಿಕ್ಕಿಲ್ಲ."

"ಹಂಗಾದ್ರ ಆ ಪ್ಲೇಯರ್ ದನಿ ಯಾಕ ಕೇಳಂಗಿಲ್ಲ?"

"ನಾನ... ಅದರ ವಾಲ್ಯೂಮ್ ಸೊನ್ನಿಗೆ ಇಳಿಸಿದ್ದೆ. ಬ್ಯಾರೆ ಯಾರಾರ ಕೇಳ್ಯಾರು ಅಂತ ಅಂಜಿ..."

ಅವನು ಪ್ಲೇಯರನ್ನು ಮುಚ್ಚಿದ. ಆದರೂ ಮೌನ! ಹೊರಗೆ ಕಲ್ಯಾಣಮ್ಮನ ಚಪ್ಪಲಿಯ ಸಪ್ಪಳ... ಪುಷ್ಪಲತಾ ಬಾಗಿಲತ್ತ ಕಿವಿಗೊಟ್ಟಳು.

'ದೇವರೇ, ಈಗಲೇ ಬರಬೇಕೇ!'

"ತಡೀರಿ, ಓದೋ ತಂತ್ರಾಂಶಾನೂ ಮುಚ್ಚಿ ಮತ್ತ ತೆರೀತೀನಿ..."

ಒಂದು ಕ್ಷಣ... ಎರಡು... ಒಮ್ಮೆಲೇ ಸ್ಪೀಕರ್ ಮಾತಾಡಿತು!

ಕಲ್ಯಾಣಮ್ಮ ಬಂದು ಹೇಳಿದ ಪತ್ರವನ್ನು ಪುಷ್ಪಲತಾ ಒಂದೂ ತಪ್ಪಿಲ್ಲದೆ ಟೈಪ್ ಮಾಡಿದಳು.

"ಕೆಲಸ ನಿಂದಾ ಬಿಡವ್ವ! ದೆವ್ವ ಬಡದಾಂಗ ಯಾಕ ಕುಂತಿ?" ಎಂದು ನಗುತ್ತ ಕಲ್ಯಾಣಮ್ಮ ಒಳಗೆ ಹೋದಳು.

ಪುಷ್ಪಲತಾ ಮೆಲ್ಲಗೆ ಕೇಳಿದಳು: "ಆ ಪ್ಲೇಯರ್‌ನಾಗ ಏನಿತ್ರಿ?"

"ನನ್ನ ದನಿ... ಎದುರಿಗೆ ಹೇಳಾಕ ಧೈರ್ಯ ಸಾಲದ ರೆಕಾರ್ಡ್ ಮಾಡಿದ್ದೆ. ನೀವು ಕಂಪ್ಯೂಟರ್ ಹಚ್ಚಿದ ಕೂಡ್ಲೆ ಪ್ಲೇಯರ್ ತಾನ ಶುರು ಆಗಿ ಕೇಳಲಿ ಅಂತ ಇಟ್ಟಿದ್ದೆ. ಮುಂಜಾನೆ ವಾಲ್ಯೂಮ್ ಏರ್ಸಾಕ ಬರೋದ್ರಾಗ ನೀವ ಬಂದುಬಿಟ್ಟಿದ್ರಿ."

"ಈಗ ಬಾಯಿಲೆ ಹೇಳ್ರಿ."

"ನನ್ನ... ಮದುವಿ ಆಗ್ತೀರೇನ್ರಿ?"

ಅವಳು ಬೇಕೆಂದೇ ಉತ್ತರಿಸಲಿಲ್ಲ.

"ಮಾತಾಡ್ರೀ, ಜೀವ ಹೋಗತೈತಿ!"

"ಆಗಳೆ ಕಂಪ್ಯೂಟರ್ ಮಾತಾಡದಾಗ ನನಗೂ ಹಿಂಗ ಆಗಿತ್ತು," ಎಂದು ಅವಳು ನಕ್ಕಳು. "ಆಗ್ತೀನಿ. ಅಣ್ಣನ್ನ ಕೇಳಾಕ ಮಾತ್ರ ನೀವ ಬರಬೇಕು... ರೆಕಾರ್ಡ್ ಕಳಿಸಬ್ಯಾಡ್ರಿ!"