ಮುದ್ದೆ ಬಿಟ್ಟ ಯಜಮಾನ

ಒಂದಾನೊಂದು ಊರಲ್ಲಿ ಒಬ್ಬ ರಾಜನಿದ್ದನಂತೆ. ಬೆಂಕಿಯನ್ನ ಹಿತ್ತಾಳೆ ಡಬ್ಬಿಯೊಳಗೆ ಹಿಡಿದು ಮನೆಮನೆಗೂ ಹಂಚಿದನಂತೆ. ಹೊಗೆಗೆ ಕಣ್ಣು ಕಳೆದುಕೊಳ್ಳುತ್ತಿದ್ದ ಹೆಂಗಸರೆಲ್ಲ ಅವನನ್ನ ಹರಸಿದರಂತೆ. ನಮ್ಮಜ್ಜಿ ಹೇಳಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು. ನಾನೂ ಮಗ್ಗುಲಾಗಿ ನಿದ್ದೆ ಹೋಗುತ್ತಿದ್ದೆ.

ಆದರೆ ಈ ಕತೆ ಹೇಳುತ್ತಿರುವವನು ನಾನು, ಸ್ವಾಮಿ. ಮತ್ತು ನನ್ನ ಕುತ್ತಿಗೆ ಮೇಲೆ ಕುಡುಗೋಲಿತ್ತು.

ಹಲಗೂರು. 1941ನೇ ಇಸವಿ, ದಸರಾ ಹತ್ತಿರ. ಮಟಮಟ ಮಧ್ಯಾಹ್ನ.

ಕುಡುಗೋಲು ಹಿಡಿದವನು ಕರಿಯಯ್ಯ. ನನ್ನ ಕೊರಳಪಟ್ಟಿ ಹಿಡಿದು ಬಾಗಿಲಿಗೆ ಒತ್ತಿದ.

"ಯಾರು ಕಳಿಸ್ದೋರ್ಲಾ ನಿನ್ನ?"

"ಬೆಳ್ಳಿಚುಕ್ಕಿ ಕಂಪನಿ."

ಅಲಗು ಚರ್ಮಕ್ಕೆ ತಾಗಿತು.

ತಪ್ಪು ನನ್ನದೇ. ಬಂದವನೇ ಬಾಗಿಲಲ್ಲಿ ನಿಂತು, ಸ್ಟೌ ಬೀಳಿಸು ಅಂತ ನಿಮಗೆ ಹೇಳಿಕೊಟ್ಟವರು ಯಾರು ಅಂತ ಕೇಳಿದ್ದೆ. ಒಳಗೆ ಅವನ ಮಗಳು ಸುಟ್ಟ ಮೈಯಲ್ಲಿ ಬಾಳೆಲೆ ಮೇಲೆ ಮಲಗಿದ್ದಾಳೆ ಅನ್ನೋದು ನನಗೆ ಗೊತ್ತಿರಲಿಲ್ಲ.

ನಾನು ಚಲುವರಾಜು. ಮೊದಲು ಪೊಲೀಸಿನವನು. ಆಮೇಲೆ ಪೊಲೀಸರಿಗೆ ಹೇಳಿಕೊಳ್ಳಲಾಗದವರ ಕೆಲಸ ಮಾಡುವವನು. ಬೆಳ್ಳಿಚುಕ್ಕಿ ಸ್ಟೌ ಅಂದರೆ ಆಗ ಈ ಸೀಮೆಗೆಲ್ಲ ಹೆಸರು. ಮಂಡ್ಯದಲ್ಲಿ ತಯಾರಾಗುತ್ತಿತ್ತು. ಯುದ್ಧ ಶುರುವಾಗಿ ವಿಲಾಯಿತಿ ಸ್ಟೌ ಬರೋದು ನಿಂತ ಮೇಲಂತೂ ಬೇರೆ ಯಾರೂ ಎದುರಿಗಿರಲಿಲ್ಲ. ಆದರೂ ಆ ವರ್ಷ ಸ್ಟೌಗಳು ಕಾಲು ಮುರಿದುಕೊಂಡು ವಾಪಸು ಬರತೊಡಗಿದವು. ಕಂಪನಿ ಕೈ ಸೋತಿದೆ, ಹೊಸದು ಹುಟ್ಟಿಸೋ ಬುದ್ಧಿ ಅಲ್ಲಿ ಬತ್ತಿದೆ ಅಂತ ಸಂತೆಯಲ್ಲೇ ಮಾತು. ಯಜಮಾನ ದೊಡ್ಡಬೀರಯ್ಯನವರು ಅದನ್ನ ನಂಬಲಿಲ್ಲ. ಯಾರೋ ಬೇಕಂತಲೇ ಮಾಡಿಸ್ತಿದಾರೆ ಅಂದರು. ಕೆಲಸ ಹೋಗಿ ಮದ್ದೂರಿನಲ್ಲಿ ಶೆಡ್ಡು ಹಾಕಿಕೊಂಡಿರೋ ಹಳೇ ಫೋರ್‌ಮನ್ ಮಹದೇವಯ್ಯನ ಮೇಲೆ ಅವರಿಗೆ ಗುಮಾನಿ. ಸಾಕ್ಷಿ ತಾ ಅಂತ ನನ್ನನ್ನ ಕಳಿಸಿದ್ದರು.

"ಅಪ್ಪಾ... ಬುಡು ಅವರ್ನ." ಒಳಗಿಂದ ದನಿ ಬಂತು.

ಕುಡುಗೋಲು ಇಳಿಯಿತು.

ಸಣ್ಣತಾಯಮ್ಮನಿಗೆ ಇಪ್ಪತ್ತೂ ಆಗಿರಲಿಲ್ಲ. ಎದೆಯಿಂದ ಮೊಣಕಾಲಿನವರೆಗೆ ಬೆಂದಿತ್ತು. ಮಗಳ ಕಣ್ಣಿಗೆ ಹೊಗೆ ಬೀಳೋದು ಬೇಡ ಅಂತ ಅಪ್ಪನೇ ಮಂಡ್ಯದಿಂದ ಸ್ಟೌ ಹೊತ್ತು ತಂದಿದ್ದನಂತೆ. ಮೂಲೆಯಲ್ಲಿ ಅದು ಬಿದ್ದಿತ್ತು. ಹೊಸ ಮಾಡೆಲ್. ಉದ್ದನೆ ತೆಳ್ಳನೆ ಕಾಲು. ಕೊಕ್ಕರೆಯ ಹಾಗೆ ಚೆಂದ.

ಯಾರು ಬೀಳಿಸಿದರು ಅಂತ ನಾನು ಮತ್ತೆ ಕೇಳಲಿಲ್ಲ. ಅವಳೇ ಹೇಳಿದಳು. ಅನ್ನ ಮಾಡುವಾಗ ಬೀಳಲಿಲ್ಲವಂತೆ. ಸಾರು ಕಾಯಿಸುವಾಗಲೂ ಇಲ್ಲ. ಮುದ್ದೆಗೆ ಹಿಟ್ಟು ಸುರಿದು, ಕೋಲು ಹಾಕಿ ಬಲವಾಗಿ ತೊಳಸಿದಾಗ ಮಗುಚಿಕೊಂಡಿತು.

"ಅಣ್ಣಾ... ನಿಮ್ ಯಜಮಾನ್ರು ಅದ್ರ ಮ್ಯಾಲೆ ಒಂದ್ಸಲ ಮುದ್ದೆ ತೊಳಸ್ಲಿ. ಒಂದೇ ಸಲ. ತೊಳಸುಸ್ತೀರಾ?"

ನಾನು ಯಾರಿಗೂ ಮಾತು ಕೊಡುವವನಲ್ಲ. ನನ್ನ ಕಸುಬಿಗೆ ಅದು ಆಗಿಬರೋದಿಲ್ಲ.

"ತೊಳಸುಸ್ತೀನಿ ಕಣವ್ವ" ಅಂದೆ.

ಮಳವಳ್ಳಿ ಮೇಲೆ ಬಸ್ಸು ಹಿಡಿದು ಮರುದಿನ ಮದ್ದೂರಿಗೆ ಬಂದೆ. ತಡವಾಗಿತ್ತು. ಮಹದೇವಯ್ಯನ ಶೆಡ್ಡಿನ ಮುಂದೆ ಕಂಪನಿ ಲಾರಿ. ಯಜಮಾನರಿಗೆ ಸಾಕ್ಷಿಗೆ ಕಾಯುವ ತಾಳ್ಮೆ ಉಳಿದಿರಲಿಲ್ಲ. ಶಿವಣ್ಣನನ್ನ ಕಳಿಸಿದ್ದರು. ಶಿವಣ್ಣ ಅಂದರೆ ಎರಡು ಕೈ, ಒಂದು ಕಬ್ಬಿಣದ ಸಲಾಕೆ. ತಲೆ ಇತ್ತು, ಬಳಸುತ್ತಿರಲಿಲ್ಲ.

ಮಹದೇವಯ್ಯ ನೆಲದಲ್ಲಿದ್ದ. ಸಲಾಕೆ ಮೇಲೆದ್ದಿತ್ತು.

ನಾನು ಹಿಂದಿನಿಂದ ಹೋಗಿ ಶಿವಣ್ಣನ ಮೊಣಕಾಲ ಸಂದಿಗೆ ಒದ್ದೆ. ಅವನ ಜೊತೆಗಾರ ನನ್ನ ಪಕ್ಕೆಗೆ ಕೊಟ್ಟ. ಏನೋ ಮುರಿದ ಸದ್ದು. ನನ್ನದೇ ಪಕ್ಕೆಲುಬು.

"ನಮ್ ಕಡೆಯವನೇ ಅಲ್ವೇನ್ಲಾ ನೀನು?" ಶಿವಣ್ಣನಿಗೆ ನಿಜವಾಗಿಯೂ ಬೇಜಾರಾಗಿತ್ತು.

ಮಹದೇವಯ್ಯನ ರೆಟ್ಟೆ ಹಿಡಿದು ಓಡಿದೆ. ಶಿಂಷೆಯ ನೀರು ಮೊಣಕಾಲುದ್ದ. ದಾಟಿದರೆ ಕಬ್ಬಿನ ಗದ್ದೆ. ನುಗ್ಗಿ ಮಲಗಿದೆವು. ಗರಿ ಮುಖ ಕುಯ್ಯಿತು. ಶಿವಣ್ಣ ಬದುವಿನ ಮೇಲೆ ಓಡಾಡುತ್ತ ನಮ್ಮ ತಾಯಂದಿರನ್ನ ನೆನೆಯುತ್ತಿದ್ದ.

ಅಲ್ಲಿ, ಕೆಸರಲ್ಲಿ ಮಲಗಿಕೊಂಡೇ ಮಹದೇವಯ್ಯ ಪಿಸುದನಿಯಲ್ಲಿ ಹೇಳಿದ.

ಕಂಪನಿ ಕಟ್ಟಿದ್ದು ದೊಡ್ಡಬೀರಯ್ಯನವರೇ, ನಿಜ. ಆದರೆ ಯಾವ ಸ್ಟೌವೂ ಅವರ ಹೆಂಡತಿ ಪುಟ್ಟಮಾದಮ್ಮನವರು ಅದರ ಮೇಲೆ ಮುದ್ದೆ ತೊಳಸದೆ ಗೇಟು ದಾಟುತ್ತಿರಲಿಲ್ಲ. ಅಲ್ಲಾಡಿದರೆ ಆ ಯಮ್ಮ ವಾಪಸು ಕಳಿಸುವರು. ಕಾಲು ಗಿಡ್ಡವಾದದ್ದು, ಬುಡ ಅಗಲವಾದದ್ದು, ಪಾತ್ರೆ ಕದಲದಂತೆ ಹಿಡಿಯೋ ಬಳೆ ಬಂದದ್ದು, ಎಲ್ಲ ಹಾಗೇ. ಆ ಮುದ್ದೆಯನ್ನೇ ಮಧ್ಯಾಹ್ನ ಯಜಮಾನರೂ ಕೆಲಸದವರೂ ಒಟ್ಟಿಗೆ ಕೂತು ಉಣ್ಣುತ್ತಿದ್ದರು.

ಮೂರು ವರ್ಷದ ಹಿಂದೆ ಆ ಯಮ್ಮ ತೀರಿಕೊಂಡರು. ನಮ್ಮ ಕಡೆ ಗೊತ್ತಲ್ಲ, ಸತ್ತವರ ಹೆಸರಲ್ಲಿ ಇಷ್ಟವಾದ ಒಂದು ತಿನಿಸು ಬಿಡುತ್ತಾರೆ. ಯಾರೋ ಬದನೆಕಾಯಿ ಬಿಡುತ್ತಾರೆ, ಯಾರೋ ಹಲಸು. ದೊಡ್ಡಬೀರಯ್ಯನವರು ಮುದ್ದೆ ಬಿಟ್ಟರು. ಕಾರ್ಖಾನೆಯೊಳಗೆ ಹಿಟ್ಟಿನ ಕೋಲು ಕಾಣಬಾರದು ಅಂತ ಆರ್ಡರ್ ಮಾಡಿದರು. ಸ್ಟೌ ಮೇಲೆ ಕಾಫಿ ಕಾಸಿ ನೋಡಿ ಕಳಿಸೋದು ಶುರುವಾಯಿತು.

"ಆಮೇಲೆ ಕಂಪನಿ ಹೊಸದೇನೂ ಹುಟ್ಟಿಸ್ನಿಲ್ಲ ಕಣಪ್ಪ. ಕ್ಯಾಟಲಾಗ್ ನೋಡ್ಕಂಡು ಕಾಲು ಉದ್ದ ಮಾಡ್ತು, ಬಣ್ಣ ಹೊಡೀತು. ಬ್ಯಾಡ ಅಂದೆ. ಆಚೆಗಾಕುದ್ರು."

ಒಂದು ಕಂಪನಿ ಬುದ್ಧಿ ಕಳೆದುಕೊಂಡದ್ದು ಸೋಮಾರಿತನದಿಂದಲ್ಲ, ದುರಾಸೆಯಿಂದಲೂ ಅಲ್ಲ. ಒಬ್ಬ ಗಂಡಸು ಹೆಂಡತಿಗಾಗಿ ಅತ್ತದ್ದರಿಂದ. ಇಂಥದ್ದಕ್ಕೆ ಯಾರನ್ನ ಹಿಡಿದು ಬಡಿಯೋದು, ಹೇಳಿ.

ಶಿವಣ್ಣ ದಣಿದು ಲಾರಿ ಕಡೆ ಹೋದ ಮೇಲೆ ಸ್ಟೇಷನ್ ರಸ್ತೆಗೆ ಬಂದೆವು. ಮಳವಳ್ಳಿ ಬಸ್ಸಿನ ಡ್ರೈವರ್ ನನ್ನ ಗುರುತು ಹಿಡಿದ. ಹಲಗೂರಿನ ಸುದ್ದಿ ಅವನೇ ಹೇಳಿದ. ಬೆಳಿಗ್ಗೆ ಹೋಯಿತಂತೆ ಆ ಹುಡುಗಿ ಜೀವ.

ಮಂಡ್ಯದ ರೈಲು ಹತ್ತಿದೆವು.

ಕಾರ್ಖಾನೆ ಅಂಗಳದಲ್ಲಿ ಎರಡು ಲಾರಿಗೆ ಸ್ಟೌ ತುಂಬುತ್ತಿದ್ದರು. ದಸರಾ ಮಾಲು. ಸಂಜೆಗೆ ಹೊರಡಬೇಕು. ಅಷ್ಟೂ ಕೊಕ್ಕರೆ ಕಾಲು. ಅಷ್ಟೂ ಮನೆಗೆ ಬೆಂಕಿ.

ಯಜಮಾನರು ಆಫೀಸಿನಲ್ಲಿ ಉಪ್ಪಿಟ್ಟು ತಿನ್ನುತ್ತಿದ್ದರು.

"ಕಂಪನಿ ಹಾಳು ಮಾಡ್ತಿರೋನು ಸಿಕ್ಕುದ್ನಾ?"

"ಸಿಕ್ಕುದ್ರು" ಅಂದೆ. "ಉಪ್ಪಿಟ್ಟು ತಿಂತಾವ್ರೆ."

ಅವರು ತಟ್ಟೆ ಸರಿಸಿದರು. ನಾನು ಅಂಗಳದಿಂದ ಒಂದು ಹೊಸ ಸ್ಟೌ ತಂದು ನೆಲದ ಮೇಲಿಟ್ಟು ಹಚ್ಚಿದೆ. ಎದುರು ಮನೆಯಿಂದ ಪಾತ್ರೆ, ರಾಗಿ ಹಿಟ್ಟು, ಕೋಲು ಈಸಿಕೊಂಡು ಬಂದಿದ್ದೆ. ಪಕ್ಕದಲ್ಲಿ ನೆನೆಸಿದ ಗೋಣಿಚೀಲ. ಕೋಲು ನೋಡಿದ್ದೇ ಅವರ ಮುಖ ಬಿಳಿಚಿಕೊಂಡಿತು.

"ಅವಳು ಹೋದ ದಿನ ಮುದ್ದೆ ಬಿಟ್ಟಿದೀನಿ."

"ಉಣ್ಬೇಡಿ. ತೊಳಸಿ."

ಬಾಗಿಲಲ್ಲಿ ಲಾರಿ ನಿಂತ ಸದ್ದು. ಶಿವಣ್ಣ ಸಲಾಕೆ ಹಿಡಿದು ಒಳಗೆ ಬಂದ. ನನ್ನ ಜೊತೆ ಬಂದಿದ್ದ ಮಹದೇವಯ್ಯ ಅವನಿಗೆ ಅಡ್ಡ ನಿಂತ, ಏಟು ತಿಂದು ನಿಲ್ಲಲು ಆಗದಿದ್ದರೂ. ನಾನು ತಿರುಗಿಯೂ ನೋಡಲಿಲ್ಲ. ಹಲಗೂರಿನ ಮನೆ, ಬಾಳೆಲೆ, ಆ ಹುಡುಗಿ ಕೇಳಿದ ಒಂದೇ ಮಾತು, ಬೆಳಗಿನ ಸುದ್ದಿ, ಎಲ್ಲ ಹೇಳಿದೆ. ಹೇಳಿ ಮುಗಿಸುವ ಹೊತ್ತಿಗೆ ನೀರು ಕುದಿಯುತ್ತಿತ್ತು.

ಯಜಮಾನರು ಶಿವಣ್ಣನಿಗೆ ಕೈ ಅಡ್ಡ ಮಾಡಿದರು. ಪಂಚೆ ಎತ್ತಿ ಕಟ್ಟಿ ಕುಕ್ಕರಗಾಲಲ್ಲಿ ಕೂತರು. ಹಿಟ್ಟು ಸುರಿದರು. ಹೆಂಡತಿ ತೊಳಸುತ್ತಿದ್ದದ್ದನ್ನ ವರ್ಷಗಟ್ಟಲೆ ನೋಡಿದವರು. ಕೈಗೆ ಗೊತ್ತಿತ್ತು. ಮೊದಲ ಸುತ್ತು. ಎರಡನೆಯದಕ್ಕೆ ಹಿಟ್ಟು ಬಿಗಿಯಿತು, ಅವರು ಬಲ ಹಾಕಿದರು...

ಸ್ಟೌ ಕಾಲು ಮಡಚಿತು.

ಸೀಮೆಎಣ್ಣೆ ನೆಲದ ಮೇಲೆ ಹರಿಯಿತು, ಅದರ ಹಿಂದೆಯೇ ಬೆಂಕಿ. ಅವರ ಪಂಚೆ ಅಂಚಿಗೆ ಹತ್ತಿತು. ನಾನು ಗೋಣಿಚೀಲ ಬೀಸಿ ಹೊದಿಸಿದೆ. ಮಹದೇವಯ್ಯ ಬರಿಗೈಯಲ್ಲಿ ಪಂಚೆ ಹೊಸಕಿದ. ಹೊಗೆ ಕರಗಿದಾಗ ಯಜಮಾನರು ಹಾಗೇ ಕೂತಿದ್ದರು, ಕೋಲು ಕೈಯಲ್ಲೇ.

"ಅವಳಿಗೆ ಉರೀತಾ ಇತ್ತಾ... ಆ ಮಗೀಗೆ?"

ಹೂಂ ಅಂದೆ.

ಅವರು ಕೋಲನ್ನ ಪಾತ್ರೆ ಪಕ್ಕ ಇಟ್ಟರು. ಆಮೇಲೆ ಶಿವಣ್ಣನಿಗೆ ಲಾರಿ ಇಳಿಸು ಅಂದರು. ಎಲ್ಲಾನೂ. ಮಾರಿದ್ದನ್ನೂ ಊರೂರು ತಿರುಗಿ ವಾಪಸು ತಾ ಅಂದರು. ಮಹದೇವಯ್ಯನ ಕೈ ಹಿಡಿದು, ಬುಡ ಎಷ್ಟು ಅಗಲ ಇರ್ತಿತ್ತಯ್ಯ ಅಂತ ಕೇಳಿದರು. ಮಹದೇವಯ್ಯ ತೋರಿಸಲು ಕೈ ಅಗಲಿಸಿದ. ಇಬ್ಬರೂ ಅತ್ತರು.

ಸಣ್ಣತಾಯಮ್ಮ ಹೇಳಿದ ಕೆಲಸ ಆಯಿತು. ಯಜಮಾನರು ಒಂದು ಸಲ ತೊಳಸಿದರು. ಕೇಸು ಗೆದ್ದೆ, ಸ್ವಾಮಿ... ಆ ದಿನ ಗೆದ್ದವರ ಕಡೆ ಯಾರೂ ಊಟ ಮಾಡಲಿಲ್ಲ.