ಚಾಂಪಿಯನ್ನರ ಬಲಗೈ

"ಏಯ್, ಮೇಜಿನ ಕೆಳಗೆ ಏನ್ ಇಣುಕ್ತಿದ್ದೀಯ?"

ರೋಷೆಲ್ ಗಾಬರಿಯಲ್ಲಿ ತಲೆ ಎತ್ತಿದಳು. ಮೇಜಿನ ಅಂಚು ಢಬ್ ಅಂತ ತಲೆಗೆ ಬಡಿಯಿತು.

"ನ್ಯಾಪ್‌ಕಿನ್ ಬಿತ್ತು, ಮಿಸ್ಟರ್ ಟಾಲಿವರ್. ಅಯ್ಯೋ, ನಿಮ್ಮ ಕೈ! ಬದನೆಕಾಯಿ ಥರ ಊದಿದೆ!"

"ಶ್! ಮೆಲ್ಲಗೆ, ತಾಯಿ." ಕರ್ಟಿಸ್ ಟಾಲಿವರ್ ತೊಡೆಯ ಮೇಲಿದ್ದ ಬಲಗೈಗೆ ಐಸ್ ಕಟ್ಟಿದ್ದ ಬಟ್ಟೆಯನ್ನು ಒತ್ತಿಕೊಂಡರು. "ಮುಂದಿನ ಫೈಟ್ ಹತ್ತಿರ ಬಂತು. ಎದುರಾಳಿಗೆ ಇದು ಗೊತ್ತಾದ್ರೆ ನನ್ನ ಕಥೆ ಮುಗೀತು."

"ಯಾರು ಹೊಡೆದ್ರು?"

"ಹೊಡೆದಿದ್ದು ನಾನೇ. ಅಭ್ಯಾಸಕ್ಕೆ ಬಂದವನ ತಲೆ ಗಟ್ಟಿಯಾಗಿತ್ತು."

ರೋಷೆಲ್‌ಗೆ ನಗು ತಡೆಯಲಾಗಲಿಲ್ಲ. ಬಾಕ್ಸಿಂಗ್‌ನ ವಿಶ್ವ ಚಾಂಪಿಯನ್ ಅವಳ ಪಕ್ಕದಲ್ಲೇ ಕೂತು ಮಾತಾಡ್ತಿದ್ದಾರೆ!

ಅದು ಡೇಟನ್ ಊರಿನಲ್ಲಿ ಸಮಾನ ಹಕ್ಕುಗಳ ಸಂಘದವರು ವರ್ಷಕ್ಕೊಮ್ಮೆ ನಡೆಸುವ ಔತಣ. ಅತಿಥಿಯಾಗಿ ಬಂದಿದ್ದ ಚಾಂಪಿಯನ್ನರ ಪಕ್ಕದ ಕುರ್ಚಿ ಅವಳಿಗೆ ಸಿಕ್ಕಿದ್ದು ಓಪಲ್ ಅಜ್ಜಿಯಿಂದ. ಕರಿಯರ ಬೀದಿಗಳಲ್ಲಿ ಮನೆ ಮನೆಗೆ ಹೋಗಿ ಜನರನ್ನು ಓಟು ಹಾಕಲು ಹೊರಡಿಸಿದವಳು ಅಜ್ಜಿ. ಇವತ್ತು ಸನ್ಮಾನ ಅವಳಿಗೇ. ಆದರೆ ಅಜ್ಜಿ ಕೂತಲ್ಲಿ ಕೂರುವವಳಲ್ಲ. ಚರ್ಚಿನ ಗೆಳತಿಯರನ್ನು ಅಪ್ಪಿಕೊಳ್ಳುತ್ತಾ, ಅಡುಗೆಮನೆಗೂ ಒಮ್ಮೆ ಇಣುಕುತ್ತಾ ಹಾಲ್ ತುಂಬಾ ಓಡಾಡುತ್ತಿದ್ದಳು.

ಅಷ್ಟರಲ್ಲಿ ಮೇಯರ್ ಬಂದರು. "ಚಾಂಪ್! ಎಲ್ಲಿ, ಕೈ ಕೊಡಿ!"

ಮೇಯರ್ ಊದಿದ ಆ ಬಲಗೈಯನ್ನೇ ಹಿಡಿದು ಹ್ಯಾಂಡ್ ಪಂಪ್ ಹೊಡೆದ ಹಾಗೆ ಕುಲುಕಿದರು. ಕ್ಯಾಮೆರಾ ಫಕ್ ಅಂತ ಬೆಳಗಿತು. ಟಾಲಿವರ್ ಹಲ್ಲೆಲ್ಲಾ ಕಾಣುವಂತೆ ನಕ್ಕರು. ಮೇಜಿನ ಕೆಳಗೆ ಮಾತ್ರ ಅವರ ಕಾಲು ದಡದಡ ಅಂತ ನೆಲ ಬಡಿಯುತ್ತಿತ್ತು.

ಮೇಯರ್ ಅತ್ತ ಹೋದ ಮೇಲೆ ರೋಷೆಲ್ ಕೇಳಿದಳು, "ಆಗಲ್ಲ ಅನ್ನಬಾರದಾ?"

"ಅಂದ್ರೆ ಯಾಕೆ ಅಂತ ಕೇಳ್ತಾರಲ್ಲ?"

ಅಷ್ಟು ಹೊತ್ತಿಗೆ ನಗರಸಭೆಯ ಸದಸ್ಯ ಪ್ರಿಡ್ಜನ್ ಚಾಂಪಿಯನ್ನರ ಕಡೆ ಬರುವುದು ಕಾಣಿಸಿತು. ದಾರಿಯಲ್ಲಿ ಅಜ್ಜಿ ನಿಂತಿದ್ದಳು. "ಸ್ವಲ್ಪ ಸರೀರಿ, ಅಮ್ಮ" ಅಂತ ಅವಳ ಮುಖವನ್ನೂ ನೋಡದೆ ಆತ ನುಗ್ಗಿ ಬಂದ.

ರೋಷೆಲ್‌ಗೆ ಮೈಯೆಲ್ಲಾ ಉರಿಯಿತು. ಛಂಗನೆ ಎದ್ದು ಚಾಂಪಿಯನ್ನರ ಮುಂದೆ ನಿಂತಳು. ಪ್ರಿಡ್ಜನ್ ಚಾಚಿದ ಕೈಯನ್ನು ತಾನೇ ಹಿಡಿದು ಕುಲುಕಿದಳು.

"ಹಲೋ ಸರ್! ನಾನು ರೋಷೆಲ್. ನಮ್ಮ ಪಾರ್ಕಿನ ಉಯ್ಯಾಲೆ ಮುರಿದಿದೆ. ಯಾವಾಗ ರಿಪೇರಿ ಮಾಡಿಸ್ತೀರಾ?"

ಫಕ್! ಫೋಟೊ ಬಿದ್ದೇಬಿಟ್ಟಿತು.

"ಆಂ... ಬೇಗ, ಮಗು. ಬೇಗ."

"ಬೇಗ ಅಂದ್ರೆ ಯಾವ ವಾರ ಸರ್?"

ಸುತ್ತ ಇದ್ದವರೆಲ್ಲ ನಕ್ಕರು. ಪ್ರಿಡ್ಜನ್ ಕರವಸ್ತ್ರ ತೆಗೆದು ಹಣೆ ಒರೆಸಿಕೊಂಡ. ಚಾಂಪಿಯನ್ ಕೆಮ್ಮು ಬಂದವರ ಹಾಗೆ ಬಾಯಿಗೆ ನ್ಯಾಪ್‌ಕಿನ್ ಹಿಡಿದರು.

ಆಮೇಲೆ ಚುನಾವಣೆಗೆ ನಿಂತಿದ್ದ ಒಬ್ಬ ಮೇಡಂ ಬಂದರು. ಅವರ ಕೈಯನ್ನೂ ರೋಷೆಲ್ಲೇ ಕುಲುಕಿದಳು. ಸ್ಕೂಲಿನ ನಲ್ಲಿಯಲ್ಲಿ ತುಕ್ಕು ನೀರು ಬರೋದನ್ನ ಹೇಳಿದಳು. ಅವರ ಹಿಂದೆ ಬಂದ ದಪ್ಪ ಮೀಸೆಯವರಿಗೆ ಏನು ಹೇಳೋದು ಅಂತ ಹೊಳೆಯಲಿಲ್ಲ. ಮತ್ತೆ ಉಯ್ಯಾಲೆಯ ವಿಷಯವನ್ನೇ ತೆಗೆದಳು.

"ಭಲೇ! ನಿನ್ನನ್ನ ದಾಟಿ ಒಂದು ಏಟೂ ಒಳಗೆ ಬರಲಿಲ್ಲ" ಅಂತ ಟಾಲಿವರ್ ತಮ್ಮ ಪಾಲಿನ ಸಿಹಿ ತಿಂಡಿ, ಗೆಣಸಿನ ಪೈಯನ್ನು ಅವಳ ಕಡೆ ತಳ್ಳಿದರು.

ಆಗ ಮೈಕಿನಲ್ಲಿ ಅಜ್ಜಿಯ ಹೆಸರು ಕೂಗಿದರು.

ಅಜ್ಜಿ ಸನ್ಮಾನದ ಫಲಕವನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಮೈಕಿನ ಮುಂದೆ ನಿಂತಳು. "ತುಂಬಾ ಬಾಗಿಲು ತಟ್ಟಿದ್ದೀನಪ್ಪಾ. ಕೆಲವರು ಮುಖದ ಮೇಲೆ ಬಾಗಿಲು ಹಾಕಿದ್ರು. ಒಬ್ಬರು ನಾಯಿ ಬಿಟ್ರು. ನಾಯಿಗೇನು ಗೊತ್ತು ಪಾಪ. ಮಾರನೇ ದಿನ ಮತ್ತೆ ಹೋದೆ, ಅಷ್ಟೇ. ಸಾಕು, ಪೈ ತಿನ್ನಿ."

ಚಪ್ಪಾಳೆ ಬಿತ್ತು. ಮೇಯರ್ ಆಗಲೇ ಕೋಟು ಹಾಕಿಕೊಳ್ಳುತ್ತಿದ್ದರು. ಪ್ರಿಡ್ಜನ್ ಬಾಗಿಲ ಹತ್ತಿರ ಯಾರ ಜೊತೆಗೋ ಮಾತಿಗೆ ನಿಂತಿದ್ದ. ಫೋಟೊದವನು ಮೂಲೆಯಲ್ಲಿ ಪೈ ತಿನ್ನುತ್ತಿದ್ದ.

ಚಾಂಪಿಯನ್ ಎದ್ದು ನಿಂತರು. ಐಸಿನ ಗಂಟು ತೆಗೆದು ಮೇಜಿನ ಮೇಲಿಟ್ಟರು.

ರೋಷೆಲ್ ಅವರ ತೋಳು ಹಿಡಿದೆಳೆದಳು. "ಬೇಡ! ನಮ್ಮಜ್ಜಿ ಹಿಡಿತ ತುಂಬಾ ಗಟ್ಟಿ. ಯಾರ ಕೈಯಲ್ಲೂ ಆಗದ ಉಪ್ಪಿನಕಾಯಿ ಜಾಡಿ ಮುಚ್ಚಳ ಅವಳೇ ತೆಗೆಯೋದು!"

"ಹಾಗಾದ್ರೆ ಹುಷಾರಾಗಿರ್ತೀನಿ" ಅಂತ ನಕ್ಕು ಅವರು ನಡೆದೇಬಿಟ್ಟರು.

ಅಜ್ಜಿಯ ಮುಂದೆ ನಿಂತು ತಲೆ ಬಾಗಿಸಿದರು. ಬಲಗೈಯನ್ನೇ ಚಾಚಿದರು. ಅಜ್ಜಿ ಅದನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡಳು.

ರೋಷೆಲ್ ಚಾಂಪಿಯನ್ನರ ಕಾಲನ್ನೇ ನೋಡಿದಳು. ಕಾಲು ಅಲುಗಲಿಲ್ಲ.

ಕ್ಯಾಮೆರಾ ಬೆಳಗಲಿಲ್ಲ. ಅದು ಎಲ್ಲಿದೆ ಅಂತ ಅವರು ನೋಡಲೂ ಇಲ್ಲ. ಅಜ್ಜಿ ಏನೋ ಹೇಳುತ್ತಿದ್ದಳು. ಅವರು ಬಗ್ಗಿ ಕೇಳಿಸಿಕೊಳ್ಳುತ್ತಿದ್ದರು. ಕೈ ಮಾತ್ರ ಹಿಡಿದ ಹಾಗೇ ಇತ್ತು.

ಓಡಿಹೋಗಿ ಅಡ್ಡ ನಿಲ್ಲಬೇಕು ಅಂತ ಎದ್ದಿದ್ದ ರೋಷೆಲ್, ಮೆಲ್ಲಗೆ ಮತ್ತೆ ಕುರ್ಚಿಯಲ್ಲಿ ಕೂತಳು.